ಹಳೇ ಫೈರ್‌ಪ್ಲೇಸ್‌ನಲ್ಲಿ ಕಟ್ಟಿಗೆ ಸ್ಟೋವ್ ಕೂರಿಸೋ ಮುಂಚೆ ಏನೇನು ರೆಡಿ ಮಾಡ್ಬೇಕು?

ಮೊದ್ಲು ಚಿಮಣಿ ಕ್ಲೀನ್ ಮಾಡಿಸಿ, ಸ್ಟೋವ್ ಆರ್ಡರ್ ಮಾಡೋದೆಲ್ಲ ಆಮೇಲೆ. ಒಳಗೋಡೆಗೆ ಕಪ್ಪಗೆ, ಹೊಳೆಯೋ ಟಾರ್ ತರ ಅಂಟ್ಕೊಂಡಿರುತ್ತಲ್ಲ ಕ್ರಿಯೋಸೋಟ್, ಚಿಮಣಿಗೆ ಬೆಂಕಿ ಹತ್ತೋದು ಅದರಿಂದಾನೇ, ಬಿರುಕು, ಹಕ್ಕಿಗೂಡು ಇದ್ರೂ ಆಗ್ಲೇ ಕಾಣುತ್ತೆ. ಆಮೇಲೆ ಸ್ಟೋವಿನ ಹೊಗೆಪೈಪಿನ ಅಳತೆಗೆ ಸ್ಟೇನ್‌ಲೆಸ್ ಸ್ಟೀಲ್ ಲೈನರನ್ನ, ಅಂದ್ರೆ ಚಿಮಣಿ ಒಳಗೆ ಇಳಿಸೋ ಕೊಳವೆನ, ಚಿಮಣಿ ತುದಿವರೆಗೂ ಹಾಕಿಸಿ, ದುಡ್ಡು ಜಾಸ್ತಿ ಅಂತ ದಯವಿಟ್ಟು ಬಿಡ್ಬೇಡಿ, ಯಾಕಂದ್ರೆ ಅಗಲವಾದ ಚಿಮಣಿಲಿ ಹೊಗೆ ಬೇಗ ತಣ್ಣಗಾಗಿ ಸರಿಯಾಗಿ ಮೇಲೆ ಹೋಗಲ್ಲ, ಮತ್ತೆ ಅದೇ ಟಾರ್ ಕೂರುತ್ತೆ. ಕೆಳಗಿನ ಕಲ್ಲುಹಾಸು ಸ್ಟೋವಿನ ಭಾರ ತಡೀಬೇಕು, ಬಾಗಿಲ ಮುಂದಕ್ಕೂ ಚಾಚಿರ್ಬೇಕು. ಮರದ ಚೌಕಟ್ಟಿಂದ ಎಷ್ಟು ದೂರ ಅನ್ನೋದು ಸ್ಟೋವಿನ ಮ್ಯಾನುಯಲ್‌ನಲ್ಲೇ ಇರುತ್ತೆ. ಕಟ್ಟಿಗೆ ಉರಿದಾಗ ಬರೋ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆನೇ ಇಲ್ಲ, ಅದಕ್ಕೆ ಅದನ್ನ ಪತ್ತೆ ಮಾಡೋ ಅಲಾರ್ಮ್ ಮೊದಲ ಬೆಂಕಿಗಿಂತ ಮುಂಚೇನೇ ಹಾಕ್ಬಿಡಿ.