ಹಳೇ ಅಂಬಾಸಿಡರ್ ಏರಲ್ಲಿ ನಾಕಿಂಗ್ ಹೊಡೀತಿದೆ, ಟೈಮಿಂಗ್ ಎಷ್ಟು ಹಿಂದಕ್ಕೆ ಹಾಕಲಿ?

ನಿಮ್ಮದು 1985ರ ಪೆಟ್ರೋಲ್ ಅಂಬಿ, ಟಾಪ್ ಗೇರಲ್ಲಿ ಏರು ಹತ್ತುವಾಗ ಕಟಕಟ ಅನ್ನುತ್ತೆ (ಇಂಜಿನ್ ಒಳಗೆ ಪೆಟ್ರೋಲ್ ಹದ ತಪ್ಪಿ ಸಿಡಿಯೋ ಈ ಶಬ್ದನೇ ನಾಕಿಂಗ್), ಟೈಮಿಂಗ್, ಅಂದ್ರೆ ಕಿಡಿ ಬೀಳೋ ಹೊತ್ತು, ಹಿಂದಕ್ಕೆ ಹಾಕೋಕೆ ಪ್ಲಗ್ಗುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಎಷ್ಟು ತಿರುಗಿಸಬೇಕು ಅಂತ ಕೇಳಿದೀರ. ತಿರುಗಿಸೋದು ಕೊನೇ ಕೆಲಸ ಸರ್, ನಾನು ಅದನ್ನೇ ಮೊದಲು ಮಾಡಿ ಕೆಟ್ಟವನು.

ನಮ್ ತಾತನ ಅಂಬಾಸಿಡರ್ ಚಾರ್ಮಾಡಿ ಘಾಟಿ ಹತ್ತುವಾಗ, ಮುಚ್ಚಳ ಮುಚ್ಚಿದ ಒಗ್ಗರಣೆ ಸೌಟಲ್ಲಿ ಸಾಸಿವೆ ಸಿಡಿದಂಗೆ ಶಬ್ದ ಮಾಡ್ತಿತ್ತು, ನಾನು ಶಬ್ದ ಪೂರ್ತಿ ನಿಲ್ಲೋ ತನಕ ಟೈಮಿಂಗ್ ರಿಟಾರ್ಡ್ ಮಾಡ್ದೆ, ಅಂದ್ರೆ ಹಿಂದಕ್ಕೆ ಹಾಕ್ದೆ, ಖುಷಿಯಾಯ್ತು, ಮುಂದಿನ ಸಲ ಅರ್ಧ ಘಾಟಿಗೇ ಪಿಕಪ್ ಇಲ್ಲ, ರೇಡಿಯೇಟರ್ ಕುದ್ದು ಹೊಗೆ. ಕಿಡಿ ತಡವಾಗಿ ಬಿದ್ರೆ ಪೆಟ್ರೋಲ್ ಉರಿಯೋದೂ ತಡ, ಆ ಶಾಖ ಎಲ್ಲ ಪಿಸ್ಟನ್ ತಳ್ಳೋ ಬದ್ಲು ಹೆಡ್‌ಗೂ ಸೈಲೆನ್ಸರ್‌ಗೂ ಹೋಗುತ್ತೆ.

ಆಮೇಲೆ ಗೊತ್ತಾಯ್ತು ಅಸಲಿ ಕಾಯಿಲೆ. ಡಿಸ್ಟ್ರಿಬ್ಯೂಟರ್ ಒಳಗೆ ಸಿಬಿ ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸೋ ಚಿಕ್ಕ ಸ್ವಿಚ್ಚು) ಕೂತಿರೋ ಪ್ಲೇಟ್ ಕೆಳಗಡೆ ಎರಡು ತೂಕ, ಎರಡು ಚಿಕ್ಕ ಸ್ಪ್ರಿಂಗ್ ಇರುತ್ತೆ, ಸ್ಪೀಡ್ ಏರಿದಂಗೆ ಅವೇ ಟೈಮಿಂಗ್ ಮುಂದಕ್ಕೆ ತರೋದು. ನಮ್ಮದ್ರಲ್ಲಿ ಅದ್ರಲ್ಲೊಂದು ಸ್ಪ್ರಿಂಗ್ ತುಂಡಾಗಿತ್ತು, ಹಾಗಾಗಿ ಕಮ್ಮಿ ಸ್ಪೀಡಲ್ಲೇ ಬೇಕಿಲ್ಲದಷ್ಟು ಅಡ್ವಾನ್ಸ್, ಕಿಡಿ ತೀರಾ ಬೇಗ ಬೀಳ್ತಿತ್ತು. ನೀವೂ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗಿರೋ ರೋಟರ್‌ನ ಅದು ತಿರುಗೋ ಕಡೆಗೇ ಬೆರಳಲ್ಲಿ ತಿರುಗಿಸಿ ಬಿಡಿ, ಟಪ್ ಅಂತ ವಾಪಸ್ ಬರಬೇಕು, ಸಡಿಲವಾಗಿ ಅಲ್ಲೇ ನಿಂತ್ರೆ ಸ್ಪ್ರಿಂಗ್ ನೋಡಿಸಿ.

ಆಮೇಲೆ ಪಾಯಿಂಟ್ ಗ್ಯಾಪ್, ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿ) 0.35ರಿಂದ 0.40 ಮಿ.ಮೀ. ಇದನ್ನ ಟೈಮಿಂಗ್‌ಗಿಂತ ಮುಂಚೆನೇ ಮಾಡಿ, ಗ್ಯಾಪ್ ಜಾಸ್ತಿ ಆದ್ರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನಾಗೇ ಮುಂದಕ್ಕೆ ಹೋಗುತ್ತೆ, ಟೈಮಿಂಗ್ ಇಟ್ಟಾದ್ಮೇಲೆ ಗ್ಯಾಪ್ ಮುಟ್ಟಿದ್ರೆ ಮತ್ತೆ ಮೊದಲಿಂದ ಶುರು.

ಈಗ ಟೈಮಿಂಗ್. ಒಂದನೇ ಸಿಲಿಂಡರ್ ಪಿಸ್ಟನ್ ಗಾಳಿ-ಪೆಟ್ರೋಲ್ ಒತ್ತೋ ಹಂತಕ್ಕೆ, ಅಂದ್ರೆ ಕಂಪ್ರೆಶನ್‌ಗೆ ಬರೋ ಹಾಗೆ ಇಂಜಿನ್ ಕೈಯಲ್ಲಿ ತಿರುಗಿಸಿ, ಮ್ಯಾನುಯಲ್ಲಲ್ಲಿ ಹೇಳಿರೋ ಗುರುತಿಗೆ ನಿಲ್ಲಿಸಿ, ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆ ಟರ್ಮಿನಲ್‌ಗೂ ಕಾರ್ ಬಾಡಿಗೂ 12 ವೋಲ್ಟ್ ಬಲ್ಬು ಹಾಕಿ ಕೀ ಆನ್ ಮಾಡಿ. ಬಲ್ಬು ಹತ್ತೋ ಕ್ಷಣವೇ ಪಾಯಿಂಟ್ ತೆರೆಯೋ ಕ್ಷಣ, ಅದು ಆ ಗುರುತಲ್ಲೇ ಆಗೋ ಹಾಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ. ರೋಟರ್ ಮೇಲಿಂದ ನೋಡಿದ್ರೆ ಗಡಿಯಾರಕ್ಕೆ ವಿರುದ್ಧ ತಿರುಗುತ್ತೆ, ಡಿಸ್ಟ್ರಿಬ್ಯೂಟರ್ ಬಾಡಿನೂ ಅದೇ ಕಡೆ ತಿರುಗಿಸಿದ್ರೆ ರಿಟಾರ್ಡ್. ಆದ್ರೆ ಡಿಸ್ಟ್ರಿಬ್ಯೂಟರ್ ಒಂದು ಡಿಗ್ರಿ ಅಂದ್ರೆ ಕ್ರ್ಯಾಂಕಲ್ಲಿ ಎರಡು, ಕೂದಲೆಳೆಯಷ್ಟು ಸಾಕು. ಹಳೇ ಡಿಸ್ಟ್ರಿಬ್ಯೂಟರ್ ಆಗಿದ್ರೆ ಪಕ್ಕದಲ್ಲಿ ಗೀರುಗೀರು ಇರೋ ಚಿಕ್ಕ ನಾಬು ಇರುತ್ತೆ, ಎ ಅಂದ್ರೆ ಮುಂದಕ್ಕೆ, ಆರ್ ಅಂದ್ರೆ ಹಿಂದಕ್ಕೆ, ಡಿಸ್ಟ್ರಿಬ್ಯೂಟರ್ ಹಿಡಿದಿರೋ ಕ್ಲ್ಯಾಂಪ್ ಸಡಿಲಿಸೋದೇ ಬೇಡ, ಎಷ್ಟು ಜನಕ್ಕೆ ಅದು ಯಾಕಿದೆ ಅಂತಾನೇ ಗೊತ್ತಿಲ್ಲ.

ನಾಕಿಂಗ್ ಬಂದ್ರೆ ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್ ಬೈಯೋರು ಜಾಸ್ತಿ ಈಗ, ಆದ್ರೆ ಎಥೆನಾಲ್ ಬೆರೆಸಿದ್ರೆ ಆಕ್ಟೇನ್ (ನಾಕಿಂಗ್ ತಡೆಯೋ ಶಕ್ತಿ) ಏರುತ್ತೆ ಹೊರತು ಇಳಿಯಲ್ಲ. ಮಿಕ್ಸ್ಚರ್ ಲೀನ್ ಆಗಿ (ಗಾಳಿಗೆ ಹೋಲಿಸಿದ್ರೆ ಇಂಧನ ಕಮ್ಮಿ ಆಗಿ) ಬಿಸಿ ಜಾಸ್ತಿ ಆಗಬಹುದು, ಅದಕ್ಕೆ ಕಾರ್ಬುರೇಟರ್ ನೋಡಿಸಿ. ಕೀ ತೆಗೆದ್ಮೇಲೂ ಇಂಜಿನ್ ನಾಲ್ಕು ಸಲ ಗೊರಗೊರ ಅಂದ್ರೆ ಹೆಡ್ ಒಳಗೆ ಕಾರ್ಬನ್ ಕೂತಿರೋ ಸಾಧ್ಯತೆನೇ ಜಾಸ್ತಿ, ಅದನ್ನ ಕೆರೆಸದೆ ಟೈಮಿಂಗ್ ಎಷ್ಟು ಎಳೆದ್ರೂ ಅಷ್ಟೇ. ನ್ಯೂಟ್ರಲ್ಲಲ್ಲಿ ನಿಂತಾಗ್ಲೂ ಟಕಟಕ ಬಂದ್ರೆ ಅದು ನಾಕಿಂಗ್ ಅಲ್ಲ, ವಾಲ್ವ್ ತಳ್ಳೋ ಟ್ಯಾಪೆಟ್ ಇರಬಹುದು. ಎಲ್ಲ ಆದ್ಮೇಲೆ ಅದೇ ಏರಿಗೆ ಇಂಜಿನ್ ಚೆನ್ನಾಗಿ ಬಿಸಿ ಆದಾಗ ಹತ್ತಿಸಿ ನೋಡಿ, ತಣ್ಣಗಿರೋ ಇಂಜಿನ್ ಯಾವಾಗ್ಲೂ ಒಳ್ಳೇದೇ ಹೇಳುತ್ತೆ.