ಹ್ಯೂಸ್ಟನ್ನಿನಲ್ಲಿ ಹಂದಿ ಶಿಕಾರಿ, ಮಧುಗಿರಿಯಲ್ಲಿ ಕಡಲೆಕಾಯಿ ಹೊಲ

ಪ್ರಶ್ನೆ: ಎಚ್‌1ಬಿ ವೀಸಾದ ಮೇಲೆ ಎರಡು ವರ್ಷದಿಂದ ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ನನ್ನ ಮಗ, ಗೆಳೆಯರೊಡನೆ ಕಾಡುಹಂದಿ ಶಿಕಾರಿಗೆ ಹೊರಟಿದ್ದಾನೆ. ಕಡಿಮೆ ಖರ್ಚಿನಲ್ಲಿ ಎಲ್ಲಿಗೆ ಹೋಗಬಹುದು? ರಜೆಗೆ ಬಂದಾಗ ನಮ್ಮ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನೂ ಹೊಡೆಯುತ್ತೇನೆನ್ನುತ್ತಾನೆ, ಸರಿಯೇ?
– ಓದುಗರು, ಮಧುಗಿರಿ ತಾಲ್ಲೂಕು

ಉತ್ತರ: ಹ್ಯೂಸ್ಟನ್ ಇರುವ ಟೆಕ್ಸಾಸ್ ರಾಜ್ಯದ ಹಂದಿಗಳು ಆ ನೆಲದ ಮೂಲಪ್ರಾಣಿಗಳಲ್ಲ. ಹಿಂದೆ ಸ್ಪೇನಿನವರು ತಂದ ಸಾಕುಹಂದಿಗಳು ಕಾಡುಬಿದ್ದು, ಬೇಟೆಗೆಂದು ತರಿಸಿದ ಯೂರೋಪಿನ ಕಾಡುಹಂದಿಗಳೊಡನೆ ಬೆರೆತು ಬೆಳೆದ ಸಂತತಿ ಅದು. ಬೆಳೆಗೆ ಮುಳುವಾದ್ದರಿಂದ ಖಾಸಗಿ ಜಮೀನಿನಲ್ಲಿ ಅವನ್ನು ವರ್ಷವಿಡೀ ಹೊಡೆಯಬಹುದು.

ಎಲ್ಲಕ್ಕಿಂತ ಅಗ್ಗದ ಜಾಗವೆಂದರೆ ಪರಿಚಯದ ರೈತನ ಜಮೀನು. ಮಾಲೀಕರ ಒಪ್ಪಿಗೆಯಿದ್ದರೆ ಅಲ್ಲಿ ಹಂದಿ ಬೇಟೆಗೆ 2019ರ ಸೆಪ್ಟೆಂಬರಿನಿಂದ ಪರವಾನಗಿಯೂ ಬೇಡ. ಆದರೆ ನಿಮ್ಮ ಮಗ ಈ ರಿಯಾಯಿತಿಯನ್ನು ನಂಬಿ ಹೊರಡಬಾರದು. ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದ್ದು, ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಕೊಡುತ್ತದೆ. ಕೋವಿ ಗೆಳೆಯನದೆಂಬ ಸಮಜಾಯಿಷಿ ನಡೆಯದು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ನೆಲೆಸಿದವರಿಗೆ ಆ ಪರವಾನಗಿಯ ಶುಲ್ಕ 25 ಡಾಲರ್‌, ಜೊತೆಗೆ ಆನ್‌ಲೈನಿನಲ್ಲಿ ಮುಗಿಸಬಹುದಾದ ಬೇಟೆಗಾರರ ತರಬೇತಿ. ಉಳಿತಾಯದ ಲೆಕ್ಕದಲ್ಲಿ ಇದನ್ನು ಕೈಬಿಟ್ಟರೆ ಕೆಲಸಕ್ಕೂ ವೀಸಾಕ್ಕೂ ಕುತ್ತು.

ರೈತರ ಪರಿಚಯವಿಲ್ಲದಿದ್ದರೆ, ಹ್ಯೂಸ್ಟನ್ನಿನ ಉತ್ತರಕ್ಕಿರುವ ಸ್ಯಾಮ್ ಹ್ಯೂಸ್ಟನ್ ರಾಷ್ಟ್ರೀಯ ಅರಣ್ಯವಿದೆ. ಅಲ್ಲಿ ಪರವಾನಗಿಯ ಮೇಲೆ 48 ಡಾಲರಿನ ವಾರ್ಷಿಕ ಅನುಮತಿಯೂ ಬೇಕು. ಯಾವ ದಿನಗಳಲ್ಲಿ ಯಾವ ಆಯುಧವೆಂಬ ಕಟ್ಟುಪಾಡುಗಳಿದ್ದು, ಜನರ ಓಡಾಟಕ್ಕೆ ಬೆದರಿದ ಹಂದಿಗಳು ಹೊಸಬರ ಕಣ್ಣಿಗೆ ಬೀಳುವುದು ಕಷ್ಟ. ಹಣ ಪಡೆದು ಬೇಟೆಯಾಡಿಸುವ ರಾಂಚ್‌ಗಳು ದುಬಾರಿಯಾದರೂ, ಕೋವಿ ಹಿಡಿದು ಅಭ್ಯಾಸವಿಲ್ಲದವರು ಮೊದಲ ಸಲ ಮಾರ್ಗದರ್ಶಿಯಿರುವ ಒಂದು ದಿನದ ಬೇಟೆಗೆ ಹೋಗುವುದೇ ಲೇಸೆಂದು ನನ್ನ ಎಣಿಕೆ. ದಿನದ ದರವನ್ನಷ್ಟೇ ನೋಡದೆ, ಹಂದಿಯನ್ನು ಸುಲಿದು ಕೊಡುವ ಕೂಲಿ ಪ್ರತ್ಯೇಕವೇ, ಗಾಯಗೊಂಡು ತಪ್ಪಿಸಿಕೊಂಡ ಹಂದಿಗೂ ಹಣ ಕೊಡಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಲಿ. ಆ ಹಂದಿಗಳಿಂದ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಬಹುದಾದ್ದರಿಂದ ಮಾಂಸ ಕೊಯ್ಯುವಾಗ ಕೈಗವಸು ತಪ್ಪಬಾರದು.

ಇನ್ನು ನಿಮ್ಮ ಹೊಲದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಕಾಡುಹಂದಿ ಸಂರಕ್ಷಿತ ಪ್ರಾಣಿಗಳ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಲೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶವಿರಬೇಕು. ಅದಿಲ್ಲದೆ ಕೋವಿಯಿರಲಿ, ಉರುಳೊಡ್ಡುವುದೂ ಅಪರಾಧ. ಹಂದಿ ನುಗ್ಗಿದ ಮರುದಿನವೇ ಹೊಲದ ಚಿತ್ರ ತೆಗೆದು, ಪಹಣಿಯೊಡನೆ ವಲಯ ಅರಣ್ಯ ಕಚೇರಿಯಲ್ಲಿ ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಕೊಡಿ.