ಕುಂಡದ ಕೊತ್ತಂಬರಿ ಬೇಗ ಹೂ ಬಿಡುತ್ತಿದ್ದರೆ

ರಾಯಚೂರಿನ ಮಾಳಿಗೆ ಮೇಲೆ ಏಪ್ರಿಲ್‌ನಲ್ಲಿ ಹಾಕಿದ ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ಹೂ ಬಿಡುತ್ತಿದೆ, ಗೊಬ್ಬರ ಕಡಿಮೆಯಾಯಿತಾ ಎಂದು ಕೇಳಿದ್ದೀರಿ. ಗೊಬ್ಬರದ್ದಲ್ಲ ಸರ್, ಬಿಸಿಲಿನದು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೊತ್ತಂಬರಿಗೆ ತಂಪು ಬೇಕು. ಸೆಕೆ ಜಾಸ್ತಿಯಾದರೆ ಎಲೆ ನಿಲ್ಲಿಸಿ ಬೀಜ ಕಟ್ಟಲು ಹೊರಡುತ್ತದೆ.

ಅಕ್ಟೋಬರ್‌ನಿಂದ ಜನವರಿವರೆಗೆ ಬಿತ್ತಿ. ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿಡಿ. ಒಂದೊಂದು ಹೋಳಲ್ಲೂ ಒಂದು ಬೀಜ ಇರುತ್ತದೆ. ಸಸಿ ಕಿತ್ತು ಬೇರೆ ಕಡೆ ನೆಡಬೇಡಿ, ಬೇರಿಗೆ ಪೆಟ್ಟಾದರೂ ಬೇಗ ಹೂ ಬರುತ್ತದೆ. 15 ದಿನಕ್ಕೊಂದು ಕುಂಡ ಬಿತ್ತಿದರೆ ಅಡುಗೆಗೆ ಸೊಪ್ಪು ತಪ್ಪುವುದಿಲ್ಲ.

ಈಗಿರುವ ಗಿಡ ಸುಮ್ನೆ ಕಿತ್ತು ಹಾಕಬೇಡಿ. ಹಸಿರು ಕಾಳು ಕಟ್ಟಲಿ. ಅದನ್ನು ಜಜ್ಜಿ, ಬದನೆಕಾಯಿ ಎಣ್ಣೆಗಾಯಿಯ ಶೇಂಗಾ, ಗುರೆಳ್ಳು ಪುಡಿಗೆ ಬೆರೆಸಿ ನೋಡಿ. ಆ ಘಮ ಒಣ ಕಾಳಿನಲ್ಲಿ ಸಿಗುವುದೇ ಇಲ್ಲ.

ಬೇಸಿಗೆಗೆ ಪುಂಡಿ ಸೊಪ್ಪು (ಗೋಂಗುರ) ಹಾಕಿ. ಬಿಸಿಲಿಗೆ ಜಗ್ಗುವುದಿಲ್ಲ, ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಪುದೀನವನ್ನು ಅರೆನೆರಳಲ್ಲಿ, ಬೇರೆಯದೇ ಕುಂಡದಲ್ಲಿಡಿ. ಇಲ್ಲದಿದ್ದರೆ ಉಳಿದ ಗಿಡಗಳ ಜಾಗವನ್ನೂ ನುಂಗುತ್ತದೆ.